ಶೂನ್ಯದ ಎರಡು ಬದಿ: ಜೋಡಿ ವೋಲ್ಟೇಜ್ ಪವರ್ ಸಪ್ಲೈ ನಡೆದು ಬಂದ ದಾರಿ

ಎಲೆಕ್ಟ್ರಾನಿಕ್ಸ್ ಹವ್ಯಾಸದಲ್ಲಿ ತೊಡಗಿದವರು ಬ್ಯಾಟರಿ, ಬಲ್ಬು, ಪುಟ್ಟ ರೇಡಿಯೊಗಳ ಹಂತ ದಾಟಿ ಆಡಿಯೊ ಮಿಕ್ಸರನ್ನೋ ಸಿಗ್ನಲ್ ಜನರೇಟರನ್ನೋ ಕಟ್ಟಲು ಹೊರಟಾಗ ಅವರಿಗೆ ಬೇಗನೆ ಎದುರಾಗುವ ಬೇಡಿಕೆ ಜೋಡಿ ವೋಲ್ಟೇಜಿನ ಪವರ್ ಸಪ್ಲೈ. ಸಾಮಾನ್ಯ ಪವರ್ ಸಪ್ಲೈಗೆ ಪ್ಲಸ್ ಮತ್ತು ಮೈನಸ್ ಎಂಬ ಎರಡೇ ತುದಿಗಳಿದ್ದರೆ ಇದಕ್ಕೆ ಮೂರು: ನಡುವೆ ಶೂನ್ಯ ವೋಲ್ಟ್ ಎಂದು ಗೊತ್ತುಮಾಡಿಕೊಂಡ ಗ್ರೌಂಡ್, ಅದಕ್ಕಿಂತ ಮೇಲೆ 12 ಅಥವಾ 15 ವೋಲ್ಟಿನ ಒಂದು ತಂತಿ, ಅದಕ್ಕಿಂತ ಅಷ್ಟೇ ಕೆಳಗೆ ಇನ್ನೊಂದು. ವೋಲ್ಟೇಜ್ ಎಂದರೆ ಎರಡು ಬಿಂದುಗಳ ನಡುವಿನ ವಿದ್ಯುತ್ ಮಟ್ಟದ ವ್ಯತ್ಯಾಸವೇ ಹೊರತು ಯಾವುದೋ ಒಂದು ಬಿಂದು ತನ್ನಷ್ಟಕ್ಕೆ ಹೊಂದಿರುವ ಗುಣವಲ್ಲವಾದ್ದರಿಂದ, ಮೈನಸ್ 15 ವೋಲ್ಟ್ ಎಂಬ ಬೇರೆ ಜಾತಿಯ ವಿದ್ಯುತ್ತು ಪ್ರಕೃತಿಯಲ್ಲಿ ಇಲ್ಲ. 30 ವೋಲ್ಟಿನ ಅಂತರವನ್ನು ಸರಿಯಾಗಿ ನಡುವೆ ಸೀಳಿ, ಸೀಳಿದ ಜಾಗವನ್ನು ಶೂನ್ಯವೆಂದು ಕರೆದಾಗ ಅದು ಹುಟ್ಟುತ್ತದೆ. ಹೀಗೆ ಸೀಳುವ ಅಗತ್ಯ ಬಿದ್ದದ್ದು ಏಕೆ, ಆ ಅಂತರ 30 ವೋಲ್ಟಿಗೆ ಬಂದು ನಿಂತದ್ದು ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರ ಸರ್ಕಿಟ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಏಕೆಂದರೆ ಅದು ಭೌತಶಾಸ್ತ್ರಕ್ಕಿಂತ ಹೆಚ್ಚಾಗಿ ಇತಿಹಾಸಕ್ಕೆ ಸೇರಿದ ಉತ್ತರ.

ನಡುವಿನ ತಂತಿಯ ಕಲ್ಪನೆ ಎಲೆಕ್ಟ್ರಾನಿಕ್ಸಿಗಿಂತ ಹಳೆಯದು. ಥಾಮಸ್ ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಆರಂಭಿಸಿದ ವಿದ್ಯುತ್ ಕೇಂದ್ರವು ಸುಮಾರು 110 ವೋಲ್ಟಿನ ನೇರ ವಿದ್ಯುತ್ತನ್ನು, ಅಂದರೆ ಸದಾ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತನ್ನು ಹಂಚುತ್ತಿತ್ತು. ಆ ವೋಲ್ಟೇಜಿಗೆ ಬೇಕಾಗುವ ದಪ್ಪ ತಾಮ್ರದ ತಂತಿಗಳ ವೆಚ್ಚವೇ ಅದರ ವಿಸ್ತರಣೆಗೆ ದೊಡ್ಡ ಅಡ್ಡಿಯಾಗಿತ್ತು. ಎರಡು ಡೈನಮೋಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ, ಎರಡೂ ಕೂಡುವ ಜಾಗದಿಂದ ಮೂರನೆಯ ತಂತಿಯೊಂದನ್ನು ಹೊರತೆಗೆದರೆ ದೀಪಗಳಿಗೆ 110 ವೋಲ್ಟೇ ದೊರೆಯುತ್ತದೆ, ಆದರೆ ಹೊರಗಿನ ಎರಡು ತಂತಿಗಳು 220 ವೋಲ್ಟಿನಲ್ಲಿ ಕೆಲಸ ಮಾಡುವುದರಿಂದ ಅವುಗಳಲ್ಲಿ ಹರಿಯುವ ಕರೆಂಟು ಅರ್ಧಕ್ಕೆ ಇಳಿಯುತ್ತದೆ. ಎರಡೂ ಬದಿಯ ದೀಪಗಳ ಹೊರೆ ಸಮನಾಗಿದ್ದರೆ ನಡುವಿನ ತಂತಿಯಲ್ಲಿ ಕರೆಂಟೇ ಹರಿಯುವುದಿಲ್ಲ; ಹೊರೆಯಲ್ಲಿ ವ್ಯತ್ಯಾಸವಿದ್ದರೆ ಆ ವ್ಯತ್ಯಾಸದಷ್ಟು ಮಾತ್ರ ಹರಿಯುತ್ತದೆ. ಇದೇ ಉಪಾಯವನ್ನು ಇಂಗ್ಲೆಂಡಿನಲ್ಲಿ ಜಾನ್ ಹಾಪ್ಕಿನ್ಸನ್ ಸ್ವತಂತ್ರವಾಗಿ ಕಂಡುಕೊಂಡು 1882ರಲ್ಲಿ ಪೇಟೆಂಟ್ ಪಡೆದರು, ಎಡಿಸನ್ನರ ಮೂರು ತಂತಿಯ ವ್ಯವಸ್ಥೆ 1883ರ ಜುಲೈ 4ರಂದು ಪೆನ್ಸಿಲ್ವೇನಿಯಾದ ಸನ್‌ಬರಿಯಲ್ಲಿ ದೀಪ ಹೊತ್ತಿಸಿತು. ಮೂರೂ ತಂತಿಗಳು ಒಂದೇ ಗಾತ್ರದವಾಗಿದ್ದರೂ ಹಳೆಯ ಪದ್ಧತಿಗೆ ಬೇಕಾದ ತಾಮ್ರದಲ್ಲಿ ಶೇಕಡ 37.5ರಷ್ಟು ಸಾಕಾಗುತ್ತಿತ್ತು ಎಂಬ ಲೆಕ್ಕವು ಆ ಕಾಲದ ಹೂಡಿಕೆದಾರರಿಗೆ ಎಷ್ಟು ಆಕರ್ಷಕವಾಗಿ ಕಂಡಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಎಡಿಸನ್ನರ ನಡುತಂತಿ ಉಳಿತಾಯಕ್ಕಾಗಿ ಬಂದದ್ದು. ಎಲೆಕ್ಟ್ರಾನಿಕ್ಸಿನ ನಡುತಂತಿ ಬಂದದ್ದು ಬೇರೆಯೇ ಕಾರಣಕ್ಕೆ. 1920ರ ದಶಕದ ವಾಲ್ವ್ (ನಿರ್ವಾತ ನಳಿಕೆ) ರೇಡಿಯೊಗಳಲ್ಲಿ ಫಿಲಮೆಂಟನ್ನು ಕಾಯಿಸಲು ಎ ಬ್ಯಾಟರಿ, ಪ್ಲೇಟಿಗೆ ಹೆಚ್ಚಿನ ಪ್ಲಸ್ ವೋಲ್ಟೇಜ್ ಕೊಡಲು ಬಿ ಬ್ಯಾಟರಿ, ಗ್ರಿಡ್ಡನ್ನು ತುಸು ಮೈನಸ್ಸಿನಲ್ಲಿಡಲು ಸಿ ಬ್ಯಾಟರಿ ಎಂದು ಮೂರು ಇರುತ್ತಿದ್ದವು. ಇವುಗಳಲ್ಲಿ ಕೊನೆಯದು ಗ್ರೌಂಡಿಗಿಂತ ಕೆಳಗಿನ ವೋಲ್ಟೇಜಿನ ಮೊದಲ ಮನೆಬಳಕೆಯ ಉದಾಹರಣೆಗಳಲ್ಲೊಂದು ಎನ್ನಬಹುದು, ಆದರೆ ಕ್ಯಾಥೋಡಿನ ದಾರಿಯಲ್ಲಿ ಒಂದು ರೆಸಿಸ್ಟರ್ ಇಟ್ಟರೆ ಅದೇ ಪರಿಣಾಮ ಸಿಗುತ್ತದೆಂದು ತಿಳಿದ ಮೇಲೆ ಸಿ ಬ್ಯಾಟರಿ ಹೆಚ್ಚು ಕಾಲ ಉಳಿಯಲಿಲ್ಲ. ರೇಡಿಯೊಗೆ ಬೇಕಾದದ್ದು ಅಲೆಗಳು; ಅಲೆ ಮೇಲಕ್ಕೂ ಕೆಳಕ್ಕೂ ತೂಗಿದರೂ ಅದನ್ನು ಕೆಪಾಸಿಟರಿನ ಮೂಲಕ ಹಾಯಿಸಿದರೆ ಅದರಲ್ಲಿ ಬೆರೆತ ಸ್ಥಿರ ವೋಲ್ಟೇಜ್ ಹಿಂದೆ ಉಳಿದು ಅಲೆ ಮಾತ್ರ ಮುಂದೆ ಸಾಗುತ್ತದೆಯಾದ್ದರಿಂದ, ರೇಡಿಯೊ ಕಟ್ಟುವವರಿಗೆ ಒಂದೇ ಬದಿಯ ಪೂರೈಕೆ ಸಾಕಾಗಿತ್ತು.

ಸಾಕಾಗದೆ ಹೋದದ್ದು ಸಂಖ್ಯೆಗಳಿಗೆ. ಎರಡನೆಯ ಮಹಾಯುದ್ಧದ ವೇಳೆಗೆ ಅಮೆರಿಕದ ಬೆಲ್ ಲ್ಯಾಬೊರೇಟರೀಸ್, ವಿಮಾನಗಳತ್ತ ಫಿರಂಗಿಗಳನ್ನು ಗುರಿಯಿಡಿಸುವ ಎಂ-9 ಎಂಬ ಲೆಕ್ಕದ ಯಂತ್ರವನ್ನು ರೂಪಿಸಿತು. ಇಲ್ಲಿ ದೂರ, ವೇಗ, ಕೋನಗಳೆಲ್ಲ ವೋಲ್ಟೇಜುಗಳಾಗಿ ಓಡಾಡುತ್ತಿದ್ದವು, ಅಂದರೆ ಒಂದು ಪರಿಮಾಣ ಎಷ್ಟು ದೊಡ್ಡದೋ ಅದನ್ನು ಪ್ರತಿನಿಧಿಸುವ ವೋಲ್ಟೇಜ್ ಅಷ್ಟು ದೊಡ್ಡದು. ಇಂತಹ ಯಂತ್ರಗಳನ್ನು ಅನಲಾಗ್ ಕಂಪ್ಯೂಟರ್ ಎನ್ನುತ್ತಾರೆ. ವಿಮಾನವು ಹತ್ತಿರ ಬರುತ್ತಿದೆಯೋ ದೂರ ಸರಿಯುತ್ತಿದೆಯೋ, ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನು ತಿಳಿಸಲು ಸಂಖ್ಯೆಗೆ ಪ್ಲಸ್ ಅಥವಾ ಮೈನಸ್ ಚಿಹ್ನೆ ಬೇಕಾಗುತ್ತದೆ. ಕೆಪಾಸಿಟರ್ ಇಟ್ಟು ಸ್ಥಿರ ವೋಲ್ಟೇಜನ್ನು ತಡೆಯುವ ರೇಡಿಯೊ ಉಪಾಯ ಇಲ್ಲಿ ನಡೆಯದು, ಏಕೆಂದರೆ ಬದಲಾಗದೆ ನಿಂತ ಸಂಖ್ಯೆಯೂ ಸಂಖ್ಯೆಯೇ. ಆದ್ದರಿಂದ ಶೂನ್ಯದ ಎರಡೂ ಬದಿಗೆ ಹೋಗಬಲ್ಲ, ಶೂನ್ಯದಲ್ಲಿ ನಿಲ್ಲಲೂ ಬಲ್ಲ ಆಂಪ್ಲಿಫೈಯರ್ ಬೇಕಾಯಿತು. ಬೆಲ್ ಲ್ಯಾಬೊರೇಟರೀಸಿನ ಕಾರ್ಲ್ ಸ್ವಾರ್ಟ್ಜೆಲ್ 1941ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, ಮೂರು ವಾಲ್ವುಗಳಿದ್ದ ಕೂಡಿಸುವ ಆಂಪ್ಲಿಫೈಯರ್ ಇದಕ್ಕೆ ಉತ್ತರವಾಗಿತ್ತು. ಅದು ಪ್ಲಸ್ 350 ಮತ್ತು ಮೈನಸ್ 350 ವೋಲ್ಟುಗಳ ಜೋಡಿ ಪೂರೈಕೆಯಲ್ಲಿ ಕೆಲಸ ಮಾಡುತ್ತಿತ್ತು. ಇಂದು ಹವ್ಯಾಸಿಗಳ ಮೇಜಿನ ಮೇಲಿರುವ ಜೋಡಿ ಸಪ್ಲೈಯ ನೇರ ಪೂರ್ವಜ ಇದೇ.

ಕೂಡುವುದು, ಕಳೆಯುವುದು, ಕಾಲಕ್ರಮದಲ್ಲಿ ಮೊತ್ತ ಹಾಕುತ್ತಾ ಹೋಗುವ ಅನುಕಲನ ಮುಂತಾದ ಗಣಿತದ ಕ್ರಿಯೆಗಳನ್ನು ಮಾಡುವ ಇಂತಹ ಆಂಪ್ಲಿಫೈಯರಿಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಜಾನ್ ರಗಾಜಿನಿ ಮತ್ತು ಅವರ ಸಹೋದ್ಯೋಗಿಗಳು 1947ರ ಪ್ರಬಂಧವೊಂದರಲ್ಲಿ ಆಪರೇಷನಲ್ ಆಂಪ್ಲಿಫೈಯರ್ ಎಂದು ಹೆಸರಿಟ್ಟರು. ಆಪ್‌ಆಂಪ್ ಎಂಬ ಇಂದಿನ ಬಳಕೆ ಅದರ ಮೊಟಕು ರೂಪ. ಅದನ್ನು ಪ್ರಯೋಗಾಲಯದ ಗೋಡೆಯಾಚೆಗೆ ತಂದವರು ಬಾಸ್ಟನ್ನಿನ ಜಾರ್ಜ್ ಫಿಲ್‌ಬ್ರಿಕ್. ಅವರ ಕಂಪನಿ 1950ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದ ಕೆ2-ಡಬ್ಲ್ಯೂ ಎಂಬ ಘಟಕವು ಎರಡು 12ಎಎಕ್ಸ್7 ವಾಲ್ವುಗಳನ್ನು ಹೊತ್ತ, ಎಂಟು ಪಿನ್ನಿನ ಬುಡದಿಂದ ಸಾಕೆಟ್ಟಿಗೆ ಸಿಕ್ಕಿಸುವ, ಅಂಗೈಯಲ್ಲಿ ಹಿಡಿಯಬಹುದಾದ ವಸ್ತುವಾಗಿತ್ತು. ಅದಕ್ಕೆ ಬೇಕಾದದ್ದು ಪ್ಲಸ್ 300 ಮತ್ತು ಮೈನಸ್ 300 ವೋಲ್ಟ್; ಅದು ಹೊರಹಾಕುತ್ತಿದ್ದದ್ದು ಶೂನ್ಯದ ಎರಡೂ ಬದಿಗೆ 50 ವೋಲ್ಟ್. ಎರಡು ತುದಿಗಳ ನಡುವೆ 600 ವೋಲ್ಟಿನ ಅಂತರವಿರುವ ಸಪ್ಲೈ ಜೀವಕ್ಕೆ ಅಪಾಯಕಾರಿಯಾದದ್ದು ಮಾತ್ರವಲ್ಲ, ಕಟ್ಟುವುದಕ್ಕೂ ಕಷ್ಟದ್ದು, ಏಕೆಂದರೆ ಸ್ಥಿರ ವೋಲ್ಟೇಜನ್ನೂ ವರ್ಧಿಸುವ ಇಂತಹ ಆಂಪ್ಲಿಫೈಯರಿನಲ್ಲಿ ಪೂರೈಕೆ ತುಸು ಅಲುಗಾಡಿದರೂ ಆ ಅಲುಗಾಟ ಲೆಕ್ಕದ ಉತ್ತರದೊಳಗೆ ಸೇರಿಬಿಡಬಹುದು. ಹಾಗಾಗಿ ಪೂರೈಕೆಯ ವೋಲ್ಟೇಜನ್ನು ಒಂದು ಮಟ್ಟದಲ್ಲಿ ಕಟ್ಟಿಹಾಕುವ ರೆಗ್ಯುಲೇಟರ್ ಅನಿವಾರ್ಯವಾಯಿತು. ವಾಲ್ವ್ ಕಾಲದಲ್ಲಿ ಆ ಮಟ್ಟವನ್ನು ನಿಗದಿಮಾಡುತ್ತಿದ್ದದ್ದು ಒಎ2ವಿನಂತಹ ಅನಿಲ ತುಂಬಿದ ಗಾಜಿನ ನಳಿಕೆಗಳು. ಅವು ಹೊತ್ತಿ ಹೊಳೆಯುತ್ತಿರುವಾಗ ತಮ್ಮ ತುದಿಗಳ ನಡುವೆ ಹೆಚ್ಚುಕಡಿಮೆ 150 ವೋಲ್ಟನ್ನೇ ಉಳಿಸಿಕೊಳ್ಳುತ್ತಿದ್ದವು.

ಈ ಕಥೆಗೆ ಬೆಂಗಳೂರಿನ ಸಂಬಂಧ ಕೂಡುವುದು ಇಲ್ಲಿಯೇ. 1950ರ ದಶಕದ ನಡುಭಾಗದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿನ್ಸೆಂಟ್ ರೈಡ್‌ಔಟ್ ಅವರು ಭಾರತೀಯ ವಿಜ್ಞಾನ ಸಂಸ್ಥೆಗೆ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದಾಗ ಫಿಲ್‌ಬ್ರಿಕ್ ಘಟಕಗಳನ್ನು ಬಳಸಿದ ಅನಲಾಗ್ ಕಂಪ್ಯೂಟರೊಂದು ಅಲ್ಲಿ ರೂಪುಗೊಂಡಿತು, ಫಿಲ್‌ಬ್ರಿಕ್, ರೈಡ್‌ಔಟ್ ಇಬ್ಬರ ಹೆಸರನ್ನೂ ಸೇರಿಸಿ ಅದನ್ನು ಪ್ರೆಡಾ ಎಂದು ಕರೆಯಲಾಯಿತು. ಮುಂದೆ ಭಾರತದ ಕಂಪ್ಯೂಟರ್ ಶಿಕ್ಷಣದ ಅಡಿಗಲ್ಲು ಹಾಕಿದವರಲ್ಲಿ ಒಬ್ಬರಾದ ವಿ. ರಾಜಾರಾಮನ್ ಅವರು ಅದೇ ಸಂಸ್ಥೆಯ ವಿದ್ಯಾರ್ಥಿಯಾಗಿ ಅನಲಾಗ್ ಕಂಪ್ಯೂಟರಿಗೆ ಬೇಕಾದ ಘಟಕಗಳನ್ನು ಕೈಯಾರೆ ಕಟ್ಟಿದರು. ಡಿಜಿಟಲ್ ಕಂಪ್ಯೂಟರುಗಳಿಂದ ಹೆಸರಾದ ಊರಿನ ಕಂಪ್ಯೂಟರ್ ಇತಿಹಾಸವು ಶೂನ್ಯದ ಎರಡೂ ಬದಿಗೆ ತೂಗುವ ವೋಲ್ಟೇಜುಗಳಿಂದ, ವಾಲ್ವುಗಳ ಕಾವಿನಿಂದ ಆರಂಭವಾಯಿತೆಂಬುದು ಈಗಿನದಕ್ಕಿಂತ ಹೆಚ್ಚಿನ ಗಮನಕ್ಕೆ ಅರ್ಹವಾದ ಸಂಗತಿ.

300 ವೋಲ್ಟ್ 15 ವೋಲ್ಟಿಗೆ ಇಳಿದದ್ದು ಟ್ರಾನ್ಸಿಸ್ಟರಿನಿಂದ. ವಾಲ್ವ್ ಯುಗದ ದೊಡ್ಡ ಅನಲಾಗ್ ಕಂಪ್ಯೂಟರುಗಳು 100 ವೋಲ್ಟನ್ನು ಲೆಕ್ಕದ ಪೂರ್ಣ ಅಳತೆಯೆಂದು ಹಿಡಿದಿದ್ದವು. ಅಷ್ಟು ಎತ್ತರದ ವೋಲ್ಟೇಜನ್ನು ಆರಂಭದ ಟ್ರಾನ್ಸಿಸ್ಟರುಗಳು ತಾಳಲಾರದೆ ಸುಟ್ಟುಹೋಗುತ್ತಿದ್ದುದರಿಂದ ಅಳತೆಯನ್ನು ಹತ್ತರಲ್ಲೊಂದು ಪಾಲಿಗೆ, ಅಂದರೆ 10 ವೋಲ್ಟಿಗೆ ಇಳಿಸಲಾಯಿತು, ದಶಮಾಂಶದ ಲೆಕ್ಕ ಮಾತ್ರ ಕೆಡಲಿಲ್ಲ. ಸಿಗ್ನಲ್ ಪ್ಲಸ್ 10ರಿಂದ ಮೈನಸ್ 10ರವರೆಗೆ ನಿರಾತಂಕವಾಗಿ ತೂಗಬೇಕಾದರೆ ಆಂಪ್ಲಿಫೈಯರಿನ ಒಳಗಿನ ಟ್ರಾನ್ಸಿಸ್ಟರುಗಳು ತಮ್ಮ ಕೆಲಸಕ್ಕೆ ಉಳಿಸಿಕೊಳ್ಳುವ ಕೆಲವು ವೋಲ್ಟುಗಳನ್ನು ಎರಡೂ ಕಡೆ ಸೇರಿಸಿಕೊಡಬೇಕು. ಹತ್ತಕ್ಕೆ ಆ ಮೀಸಲು ಸೇರಿ ಹದಿನೈದಾಯಿತು. ಫಿಲ್‌ಬ್ರಿಕ್ ಕಂಪನಿಯೇ 1961ರಲ್ಲಿ ತಂದ ಪಿ45 ಎಂಬ ಟ್ರಾನ್ಸಿಸ್ಟರ್ ಆಪ್‌ಆಂಪ್ ಪ್ಲಸ್ ಮತ್ತು ಮೈನಸ್ 15 ವೋಲ್ಟಿನಲ್ಲಿ ನಡೆಯುತ್ತಿತ್ತು, ಅದರ ಸಿಗ್ನಲಿನ ವ್ಯಾಪ್ತಿ ಎರಡೂ ಬದಿಗೆ 10 ವೋಲ್ಟ್. ಇಂದು ಗಿಟಾರಿನ ಸದ್ದಿಗೆ ರೂಪ ಕೊಡಲು 15 ವೋಲ್ಟಿನ ಜೋಡಿ ಸಪ್ಲೈ ಬಳಸುವವರೂ ತಮಗರಿವಿಲ್ಲದೆ ಅನಲಾಗ್ ಕಂಪ್ಯೂಟರಿನ ಅಳತೆಗೋಲನ್ನೇ ಬಳಸುತ್ತಿರುತ್ತಾರೆ.

15 ವೋಲ್ಟೇ ನೆಲೆನಿಲ್ಲುವುದು ಪೂರ್ವನಿಶ್ಚಿತವಾಗಿರಲಿಲ್ಲ. ಫೇರ್‌ಚೈಲ್ಡ್ ಕಂಪನಿಯ ಬಾಬ್ ವಿಡ್ಲರ್ ರೂಪಿಸಿ 1964ರಲ್ಲಿ ಹೊರಬಂದ ಮ್ಯೂಎ702, ಇಡೀ ಆಂಪ್ಲಿಫೈಯರನ್ನು ಸಿಲಿಕಾನಿನ ಒಂದೇ ಚೂರಿನಲ್ಲಿ ಅಳವಡಿಸಿದ ಐಸಿಗಳಲ್ಲಿ ಮೊದಲಿನವುಗಳಲ್ಲೊಂದು. ಅದು ಪ್ಲಸ್ 12 ಮತ್ತು ಮೈನಸ್ 6 ಎಂಬ ಅಸಮ ಜೋಡಿಯನ್ನು ಕೇಳುತ್ತಿತ್ತು, ಬಳಕೆದಾರರಿಗೆ ಅದು ಒಗ್ಗಲಿಲ್ಲ. ಮರುವರ್ಷವೇ ವಿಡ್ಲರ್ ತಂದ ಮ್ಯೂಎ709 ಪ್ಲಸ್ ಮೈನಸ್ 15ಕ್ಕೆ ಮರಳಿತು. 1968ರಲ್ಲಿ ಅದೇ ಕಂಪನಿಯ ಡೇವ್ ಫುಲ್ಲಗರ್ ಅವರು 741ನ್ನು ರೂಪಿಸಿ, ಆಂಪ್ಲಿಫೈಯರ್ ತಾನೇ ತಾನಾಗಿ ಕಂಪಿಸದಂತೆ ತಡೆಯುವ 30 ಪಿಕೋಫ್ಯಾರಡಿನ ಕೆಪಾಸಿಟರನ್ನು ಐಸಿಯ ಒಳಗೇ ಕೂರಿಸಿದ ಮೇಲೆ, ಎಂಜಿನಿಯರನ ಕೈಚಳಕವಿಲ್ಲದವರಿಗೂ ಆಪ್‌ಆಂಪ್ ದಕ್ಕಿತು. ಹವ್ಯಾಸಿಗಳ ಲೋಕಕ್ಕೆ ಜೋಡಿ ಸಪ್ಲೈ ಕಾಲಿಟ್ಟದ್ದು ಈ ಎಂಟು ಕಾಲಿನ ಐಸಿಯ ಬೆನ್ನು ಹಿಡಿದು.

ಭಾರತದ ಹವ್ಯಾಸಿಗಳಿಗೆ ಇದು ಹೊಸ ಶಿಸ್ತನ್ನು ಕಲಿಸಿತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1960ರ ದಶಕದ ಆರಂಭದಲ್ಲಿ ಜರ್ಮೇನಿಯಂ ಅರೆವಾಹಕ ಸಾಧನಗಳನ್ನು ತಯಾರಿಸತೊಡಗಿತ್ತು. ಆ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರುಗಳಲ್ಲಿ ಬಹುಪಾಲು ಪಿಎನ್‌ಪಿ ಜಾತಿಯವಾಗಿದ್ದರಿಂದ ಅವುಗಳ ಸರ್ಕಿಟುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನೇ ಗ್ರೌಂಡಿಗೆ ಜೋಡಿಸುವುದು ವಾಡಿಕೆಯಾಗಿತ್ತು. ಸಿಲಿಕಾನಿನ ಎನ್‌ಪಿಎನ್ ಟ್ರಾನ್ಸಿಸ್ಟರುಗಳು ಬಂದಾಗ ವಾಡಿಕೆ ತಲೆಕೆಳಗಾಗಿ ಮೈನಸ್ ತುದಿ ಗ್ರೌಂಡಾಯಿತು. ಆಪ್‌ಆಂಪ್ ಬಂದಾಗ ಎರಡೂ ಅಲ್ಲ, ನಡುವಿನ ಬಿಂದು ಗ್ರೌಂಡಾಯಿತು. ಒಂದೇ ತಲೆಮಾರಿನ ರೇಡಿಯೊ ರಿಪೇರಿಯವರು ಈ ಮೂರೂ ಪದ್ಧತಿಗಳನ್ನು ಕಾಣಬೇಕಾಯಿತು. 1969ರಲ್ಲಿ ದೆಹಲಿಯಿಂದ ಆರಂಭವಾದ ಎಲೆಕ್ಟ್ರಾನಿಕ್ಸ್ ಫಾರ್ ಯು ಪತ್ರಿಕೆಯು ಸರ್ಕಿಟ್ ನಕ್ಷೆಗಳನ್ನು ಊರೂರಿಗೆ ಮುಟ್ಟಿಸಿತು, ಬೆಂಗಳೂರಿನ ಸದರ ಪತ್ರಪ್ಪ ರಸ್ತೆ, ಅಂದರೆ ಎಸ್‌ಪಿ ರೋಡ್, ಆ ನಕ್ಷೆಗಳಿಗೆ ಬೇಕಾದ ಬಿಡಿಭಾಗಗಳ ಪೇಟೆಯಾಗಿ ಬೆಳೆಯಿತು.

ಜೋಡಿ ಸಪ್ಲೈಗೆ ಹವ್ಯಾಸಿಗಳು ಹಿಡಿದ ಅತಿ ಸುಲಭದ ದಾರಿ ಎರಡು 9 ವೋಲ್ಟಿನ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ಅವು ಕೂಡುವ ಜಾಗವನ್ನು ಗ್ರೌಂಡ್ ಮಾಡುವುದು. ಇದು ಎಡಿಸನ್ನರ ಎರಡು ಡೈನಮೋಗಳ ಏರ್ಪಾಡೇ. ಒಂದೇ ಬ್ಯಾಟರಿಗೆ ಎರಡು ಸಮ ರೆಸಿಸ್ಟರುಗಳನ್ನು ಅಡ್ಡಲಾಗಿ ಹಾಕಿ ನಡುವಿನ ಬಿಂದುವನ್ನು ಶೂನ್ಯವೆಂದುಕೊಳ್ಳುವ ಇನ್ನೊಂದು ದಾರಿ ಕಾಗದದ ಮೇಲೆ ಸರಿಯೆನಿಸಿದರೂ, ಎರಡು ಬದಿಗಳು ಎಳೆಯುವ ಕರೆಂಟಿನಲ್ಲಿ ವ್ಯತ್ಯಾಸ ಬಂದ ಕೂಡಲೆ ಆ ಶೂನ್ಯ ಒಂದು ಕಡೆಗೆ ಜಾರುತ್ತದೆ. ಗ್ರೌಂಡಿಗೆ ಬೇಕಾದದ್ದು ಸರಿಯಾದ ಜಾಗ ಮಾತ್ರವಲ್ಲ, ಅಲ್ಲಿಗೆ ಹರಿದು ಬರುವ ಕರೆಂಟನ್ನು ಅಲುಗದೆ ತಾಳುವ ಶಕ್ತಿಯೂ ಹೌದು ಎಂಬ ಪಾಠವನ್ನು ಹೆಚ್ಚಿನವರು ಕಲಿತದ್ದು ಇದೇ ಸರ್ಕಿಟಿನಿಂದ.

ಮನೆಯ 230 ವೋಲ್ಟಿನಿಂದ ನಡೆಯುವ ಪಕ್ಕಾ ಸಪ್ಲೈಗೆ ಸೆಂಟರ್ ಟ್ಯಾಪ್ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಹೊರಸುತ್ತಿನ ನಡುವಿನಿಂದ ಒಂದು ತಂತಿ ಹೊರಬಂದಿರುತ್ತದೆ, ಅಂಗಡಿಯಲ್ಲಿ ಅದನ್ನು 12-0-12, 15-0-15, 18-0-18 ಎಂದೇ ಕೇಳುವುದು. ಎರಡು ಹೊರತಂತಿಗಳನ್ನು ನಾಲ್ಕು ಡಯೋಡುಗಳ ಬ್ರಿಜ್ಜಿಗೆ ಕೊಟ್ಟು, ನಡುವಿನದನ್ನು ಗ್ರೌಂಡಾಗಿಸಿ, ಎರಡೂ ಬದಿಗೆ ದೊಡ್ಡ ಕೆಪಾಸಿಟರುಗಳನ್ನಿಟ್ಟರೆ ಒರಟಾದ ಜೋಡಿ ವೋಲ್ಟೇಜ್ ಸಿದ್ಧವಾಗುತ್ತದೆ. 15 ವೋಲ್ಟ್ ಬೇಕಾದವರು 15-0-15 ಅನ್ನೇ ಕೊಳ್ಳುವುದು ಸಹಜವೆನಿಸಿದರೂ ಲೆಕ್ಕ ಬೇರೆಯದನ್ನು ಹೇಳುತ್ತದೆ. 15 ವೋಲ್ಟಿನ ಪರ್ಯಾಯ ವಿದ್ಯುತ್ತಿನ ಶಿಖರ ಸುಮಾರು 21 ವೋಲ್ಟ್; ಅದರಲ್ಲಿ ಡಯೋಡಿಗೆ 0.7 ವೋಲ್ಟ್ ಹೋಗುತ್ತದೆ. 2200 ಮೈಕ್ರೋಫ್ಯಾರಡಿನ ಕೆಪಾಸಿಟರಿನಿಂದ ಅರ್ಧ ಆಂಪಿಯರ್ ಎಳೆದರೆ ಸೆಕೆಂಡಿಗೆ ನೂರು ಬಾರಿ ಮತ್ತೆ 2 ವೋಲ್ಟಿಗೂ ಹೆಚ್ಚು ಕುಸಿಯುತ್ತದೆ. ಉಳಿದದ್ದು 18ರ ಆಸುಪಾಸು. 15 ವೋಲ್ಟಿನ ರೆಗ್ಯುಲೇಟರ್ ಐಸಿಗೆ ಒಳಗೆ ಬರುವುದು 17ಕ್ಕಿಂತ ಕೆಳಗಿಳಿಯಬಾರದು. ಮನೆಯ ಕರೆಂಟು ಶೇಕಡ 10ರಷ್ಟು ಇಳಿದರೂ ಈ ಅಂಚು ಮುರಿದು ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಕೇಳಿಸುತ್ತದೆ. ಲೋ ವೋಲ್ಟೇಜ್ ಎಂಬುದು ದಿನನಿತ್ಯದ ಮಾತಾಗಿದ್ದ ಊರುಗಳಲ್ಲಿ 18-0-18 ಆರಿಸುವುದು ವಿವೇಕದ ಲಕ್ಷಣವಾಗಿತ್ತು. ಹೆಚ್ಚಾದ ವೋಲ್ಟುಗಳು ಕಾವಾಗಿ ಹೋಗುವುದರಿಂದ ಐಸಿಗೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಕಟ್ಟಬೇಕಾಗುತ್ತಿತ್ತು, ಅಷ್ಟೆ.

ರೆಗ್ಯುಲೇಟರ್ ಐಸಿ ಎಂಬುದೇ ಈ ಕರಕುಶಲವನ್ನು ಸಾಮಾನ್ಯರ ಕೈಗೆ ತಂದ ದೊಡ್ಡ ಹೆಜ್ಜೆ. ಅದಕ್ಕೆ ಮೊದಲು ಜೀನರ್ ಡಯೋಡು, ಟ್ರಾನ್ಸಿಸ್ಟರುಗಳನ್ನು ಸೇರಿಸಿ, ಇಲ್ಲವೇ ಹದಿನಾಲ್ಕು ಕಾಲಿನ 723 ಐಸಿಯ ಸುತ್ತ ಹಲವು ಬಿಡಿಭಾಗಗಳನ್ನಿಟ್ಟು ರೆಗ್ಯುಲೇಟರ್ ಕಟ್ಟಬೇಕಿತ್ತು. ವಿಡ್ಲರ್ ಅವರು ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯಲ್ಲಿದ್ದಾಗ ರೂಪಿಸಿದ ಎಲ್‌ಎಂ109, ಮೂರೇ ಕಾಲುಗಳಿರುವ, ಅತಿಯಾಗಿ ಕಾದರೆ ತಾನೇ ಕೆಲಸ ನಿಲ್ಲಿಸುವ ರೆಗ್ಯುಲೇಟರ್ ಸಾಧ್ಯವೆಂದು ತೋರಿಸಿತು. 1970ರ ದಶಕದಲ್ಲಿ ಫೇರ್‌ಚೈಲ್ಡಿನ 78 ಸರಣಿ ಪ್ಲಸ್ ವೋಲ್ಟೇಜುಗಳಿಗೂ 79 ಸರಣಿ ಮೈನಸ್ ವೋಲ್ಟೇಜುಗಳಿಗೂ ಮನೆಮಾತಾದವು. 7815 ಮತ್ತು 7915 ಎಂಬ ಜೋಡಿಯನ್ನು ಕೊಂಡವನಿಗೆ ಸಪ್ಲೈಯ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆಯೇ.

ಆದರೆ ಈ ಅವಳಿಗಳು ಹೊರನೋಟಕ್ಕೆ ಮಾತ್ರ ಅವಳಿಗಳು, ಸುಟ್ಟುಹೋದ ಐಸಿಗಳಲ್ಲಿ ಹಲವು ಈ ಹೋಲಿಕೆಯನ್ನು ನಂಬಿದ್ದರ ಫಲ. ಎದುರಿನಿಂದ ನೋಡಿದಾಗ 7815ರ ಎಡಗಾಲು ಒಳಬರುವ ವೋಲ್ಟೇಜಿಗೆ, ನಡುವಿನದು ಗ್ರೌಂಡಿಗೆ, ಬಲಗಾಲು ಹೊರಹೋಗುವುದಕ್ಕೆ. 7915ರಲ್ಲಿ ಎಡಗಾಲು ಗ್ರೌಂಡ್, ನಡುವಿನದು ಒಳಬರುವ ಮೈನಸ್ ವೋಲ್ಟೇಜ್, ಬಲಗಾಲು ಮಾತ್ರ ಮೊದಲಿನಂತೆ. ಇದು ತಯಾರಕರ ಅಸಡ್ಡೆಯಲ್ಲ. ಐಸಿಯ ಸಿಲಿಕಾನ್ ಚೂರಿನ ತಳವನ್ನು ಸರ್ಕಿಟಿನ ಅತ್ಯಂತ ಕೆಳಗಿನ ವೋಲ್ಟೇಜಿಗೆ ಜೋಡಿಸಬೇಕೆಂಬುದು ಆ ತಯಾರಿಕಾ ವಿಧಾನದ ನಿಯಮ. ಕಾವು ಸುಲಭವಾಗಿ ಹೊರಹೋಗಲೆಂದು ಆ ತಳವನ್ನು ಹಿಂಬದಿಯ ಲೋಹದ ಪಟ್ಟಿಗೆ ಅಂಟಿಸುತ್ತಾರೆ. ಆ ಪಟ್ಟಿಯೇ ಮುಂದುವರಿದು ನಡುವಿನ ಕಾಲಾಗುತ್ತದೆ. ಪ್ಲಸ್ ರೆಗ್ಯುಲೇಟರಿನಲ್ಲಿ ಅತ್ಯಂತ ಕೆಳಗಿನದು ಗ್ರೌಂಡ್, ಮೈನಸ್ ರೆಗ್ಯುಲೇಟರಿನಲ್ಲಿ ಅತ್ಯಂತ ಕೆಳಗಿನದು ಒಳಬರುವ ವೋಲ್ಟೇಜ್. ಹಾಗಾಗಿ ಎರಡು ಐಸಿಗಳನ್ನೂ ಒಂದೇ ಹೀಟ್‌ಸಿಂಕಿಗೆ ತಿರುಪು ಹಾಕಿ ಬಿಗಿದರೆ ಒಳಬರುವ ಮೈನಸ್ ವೋಲ್ಟೇಜ್ ನೇರವಾಗಿ ಗ್ರೌಂಡಿಗೆ ಮುಟ್ಟುತ್ತದೆ. ಅದನ್ನು ತಡೆಯಲು 7915ರ ಬೆನ್ನಿಗೆ ಅಭ್ರಕದ ತೆಳು ಹಾಳೆಯನ್ನೂ ತಿರುಪಿಗೆ ಪ್ಲಾಸ್ಟಿಕ್ ಬುಶ್ಶನ್ನೂ ಇಡುವ ಪದ್ಧತಿ ಬಂತು. ಒಂದು ಬದಿ ಮೊದಲು ಎಚ್ಚರಗೊಂಡು ಇನ್ನೊಂದನ್ನು ತಪ್ಪು ದಿಕ್ಕಿಗೆ ಎಳೆಯದಂತೆ ಎರಡೂ ಹೊರತುದಿಗಳಿಂದ ಗ್ರೌಂಡಿಗೆ ಒಂದೊಂದು ಡಯೋಡನ್ನು ತಿರುಗುಮುರುಗಾಗಿ ಬೆಸೆಯುವುದೂ ಇಂತಹದೇ ಅನುಭವದ ಫಲ.

ವೋಲ್ಟೇಜನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದಾದ ರೆಗ್ಯುಲೇಟರ್ ಎಲ್‌ಎಂ317 1976ರಲ್ಲಿ, ಅದರ ಮೈನಸ್ ಜೊತೆಗಾರ ಎಲ್‌ಎಂ337 ಅದರ ಬೆನ್ನಿಗೆ ಬಂದು ಹವ್ಯಾಸಿಗಳ ಮೇಜಿನ ಸಪ್ಲೈಗೆ ಇಂದಿನ ರೂಪ ಕೊಟ್ಟವು. ಹಳೆಯ ಕಂಪ್ಯೂಟರಿನ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈಯನ್ನು ಬಿಚ್ಚಿ ಅದರ ಮೈನಸ್ 12 ವೋಲ್ಟನ್ನು ಬಳಸಿದವರೂ ಅನೇಕರು, ಆದರೆ ಸೀರಿಯಲ್ ಪೋರ್ಟಿನಂತಹ ಸಣ್ಣ ಕೆಲಸಕ್ಕೆಂದು ಇಟ್ಟ ಆ ತಂತಿ ಸಾಮಾನ್ಯವಾಗಿ ಒಂದು ಆಂಪಿಯರನ್ನೂ ಕೊಡಲಾರದು. 1987ರಲ್ಲಿ ಬಂದ ಮ್ಯಾಕ್ಸ್232 ಐಸಿಯು ಕೆಪಾಸಿಟರುಗಳನ್ನು ತುಂಬಿ ಮಗುಚುವ ಉಪಾಯದಿಂದ 5 ವೋಲ್ಟಿನಿಂದಲೇ ಪ್ಲಸ್ ಮೈನಸ್ 10ರಷ್ಟನ್ನು ಹುಟ್ಟಿಸಿ ಆ ತಂತಿಯ ಮುಖ್ಯ ಕೆಲಸವನ್ನೇ ಕಿತ್ತುಕೊಂಡಿತು. ಒಂದೇ ಬದಿಯ 3.3 ಅಥವಾ 5 ವೋಲ್ಟಿನಲ್ಲಿ ನಡೆಯುವ ಆಪ್‌ಆಂಪುಗಳು ಇಂದು ಹೇರಳವಾಗಿವೆ. ಮೈಕ್ರೋಕಂಟ್ರೋಲರಿನ ಜೊತೆ ಕೆಲಸ ಮಾಡುವವರು ಸಿಗ್ನಲನ್ನು ಅರ್ಧ ವೋಲ್ಟೇಜಿನ ಮಟ್ಟಕ್ಕೆ ಎತ್ತಿ, ಸಂಖ್ಯೆಯ ಚಿಹ್ನೆಯನ್ನು ಪ್ರೋಗ್ರಾಮಿನಲ್ಲಿ ಮರಳಿ ಪಡೆಯುತ್ತಾರೆ. ಹೀಗಿದ್ದರೂ ಧ್ವನಿಯ ಕ್ಷೇತ್ರದಲ್ಲಿ ಜೋಡಿ ಸಪ್ಲೈ ಹಿಂದೆ ಸರಿದಿಲ್ಲ. ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದ ನಡುವೆ ತಂದ ಯೂರೋರ್ಯಾಕ್ ಮಾದರಿಯ ಸಿಂಥಸೈಸರುಗಳು ಪ್ಲಸ್ ಮೈನಸ್ 12 ವೋಲ್ಟನ್ನೇ ಆಧರಿಸಿವೆ, ಅವುಗಳನ್ನು ಮನೆಯಲ್ಲಿ ಕಟ್ಟುವ ಹೊಸ ತಲೆಮಾರಿನವರು 7812, 7912 ಜೋಡಿಗೆ ಮತ್ತೆ ಗಿರಾಕಿಗಳಾಗಿದ್ದಾರೆ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿಯೂ 741ನ್ನು ಬ್ರೆಡ್‌ಬೋರ್ಡಿಗೆ ಚುಚ್ಚಿ, ಏಳನೆಯ ಕಾಲಿಗೆ ಪ್ಲಸ್, ನಾಲ್ಕನೆಯದಕ್ಕೆ ಮೈನಸ್ ಕೊಟ್ಟು, ಕೂಡಿಸುವ ಮತ್ತು ಅನುಕಲಿಸುವ ಸರ್ಕಿಟುಗಳನ್ನು ಕಟ್ಟಿಸುವ ಪಾಠ ಮುಂದುವರಿದಿದೆ.